ನಮ್ಮ ಗಾಡಿಯ ಹೆಸರನ್ನೇ ಕಂಪನಿ ಬದಲಿಸಿದೆ. ಮುಂದಿನದನ್ನೂ ಅವರ ಹತ್ತಿರವೇ ತಗೊಳ್ಳುವುದಾ?

ಕುಮಟಾ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕುಮಟಾದಲ್ಲಿ ಹೈಸ್ಕೂಲ್ ಟೀಚರ್. ತವರುಮನೆ ಶಿರಸಿ ಕಡೆ, ಅಡಿಕೆ ತೋಟದವರು. ಗಾಡಿ ತಗೊಳ್ಳುವ ಮಾತು ಬಂದರೆ ಎರಡೂ ಮನೆಯವರು ನನ್ನನ್ನೇ ಮುಂದೆ ಬಿಡುತ್ತಾರೆ. ನನಗೂ ಅದು ಇಷ್ಟದ ವಿಷಯವೇ. ಆದರೆ ಈ ಸಲ ಎರಡೂ ಮನೆಯಲ್ಲಿ ಒಂದೇ ಹೊತ್ತಿಗೆ ತಕರಾರು ಬಂದಿದೆ. ಎರಡಕ್ಕೂ ಕಾರಣ ಗಾಡಿಯ ಹೆಸರು.

ಮೊದಲು ನನ್ನದು ಹೇಳುತ್ತೇನೆ. ನನ್ನ ಹತ್ತಿರ ಇರುವುದು ಒಂದು ಚಿಕ್ಕ ಎಸ್‌ಯುವಿ. ಯಾವ ಕಂಪನಿ ಅಂತ ಇಲ್ಲಿ ಬೇಡ. ಗಾಡಿಯ ಮೇಲೆ ನನಗೆ ದೂರಿಲ್ಲ. ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸ ನಡೆಯುತ್ತಿದ್ದಾಗ ಕೆಸರಿನಲ್ಲೂ ನನ್ನನ್ನು ತವರಿಗೆ ಮುಟ್ಟಿಸಿದೆ. ಆದರೆ ನಾನು ತಗೊಂಡು ಹೆಚ್ಚು ಕಾಲ ಆಗಿರಲಿಲ್ಲ. ಅಷ್ಟರಲ್ಲೇ ಕಂಪನಿ ಅದೇ ಗಾಡಿಯ ಮುಂದಿನ ಗ್ರಿಲ್ಲು, ಹಿಂದಿನ ಲೈಟು ಬದಲಿಸಿ ಬೇರೆ ಹೆಸರು ಇಟ್ಟಿತು. ಇಂಜಿನ್ ಅದೇ. ಬಾಗಿಲು ಅದೇ. ಪಕ್ಕದಿಂದ ನೋಡಿದರೆ ಎರಡೂ ಒಂದೇ. ನನ್ನ ಗಾಡಿಯ ಹೆಸರು ಮಾತ್ರ ಶೋರೂಮಿನಿಂದ ಕಾಣೆಯಾಯಿತು.

ಮೊನ್ನೆ ಹಳೆ ಗಾಡಿ ಕೊಳ್ಳುವವರೊಬ್ಬರಿಗೆ ತೋರಿಸಿದೆ. ಅವರು ಒಂದು ಸುತ್ತು ಹಾಕಿದರು. ಬಾನೆಟ್ ಎತ್ತಿದರು. ಬಾಗಿಲು ತೆಗೆದು ಕೆಳಗಿನ ಅಂಚಿನಲ್ಲಿ ಬೆರಳಾಡಿಸಿ ತುಕ್ಕು ಇದೆಯಾ ನೋಡಿದರು. ನಮ್ಮ ಸಮುದ್ರದ ಗಾಳಿಗೆ ಅದು ನೋಡಲೇಬೇಕಾದ್ದೇ. ಎಲ್ಲೂ ಏನೂ ಸಿಗಲಿಲ್ಲ. ಆಮೇಲೆ ಹೇಳಿದ್ದು: "ಈ ಹೆಸರು ಬಂದ್ ಆಗಿದೆಯಲ್ಲ ಮೇಡಂ." ಗಾಡಿ ಬಂದ್ ಆಗಿಲ್ಲ, ಹೆಸರು ಮಾತ್ರ ಬದಲಾಗಿದೆ ಎಂದೆ. "ಕೊಳ್ಳುವವರಿಗೆ ಎರಡೂ ಒಂದೇ" ಎಂದು ಹೇಳಿ, ನಾನು ಅಂದುಕೊಂಡಿದ್ದಕ್ಕಿಂತ ಬಹಳ ಕಡಿಮೆ ರೇಟು ಹೇಳಿದರು.

ಇನ್ನು ತವರುಮನೆ ಕಥೆ ಇದಕ್ಕೆ ಉಲ್ಟಾ. ಅಪ್ಪಯ್ಯನಿಗೆ ಬೊಲೆರೋ ಎಂದರೆ ಬೊಲೆರೋ. ಹಳೆಯದು ಇನ್ನೂ ಮನೆಯಲ್ಲಿದೆ. ಗೊಬ್ಬರ, ಅಡಿಕೆ ಮೂಟೆ, ಮದುವೆ ಮನೆಗೆ ನೆಂಟರು, ಆಸ್ಪತ್ರೆಗೆ ಆಯಿ, ಎಲ್ಲವನ್ನೂ ಅದೇ ಹೊತ್ತಿದೆ. ಹೊಸದು ನೋಡಲು ತಮ್ಮನ ಜೊತೆ ಹೋದರು. ಅಲ್ಲಿನ ಹುಡುಗ ಬೊಲೆರೋ ನಿಯೋ ತೋರಿಸಿದ. ಅಪ್ಪಯ್ಯ ಒಳಗೆ ಕೂರಲೂ ಇಲ್ಲ. ಸೀದಾ ಹಿಂದೆ ಹೋಗಿ ಬಗ್ಗಿ ಅಡಿಗೆ ನೋಡಿದರಂತೆ. ಭಾರ ಹೊರುವ ಪಟ್ಟಿ ಪಟ್ಟಿಯ ಲೀಫ್ ಸ್ಪ್ರಿಂಗ್ ಇಲ್ಲ. "ಇದು ಬೊಲೆರೋ ಅಲ್ಲ" ಅಂದವರೇ ವಾಪಸ್ ಬಂದರು.

ಅಪ್ಪಯ್ಯ ಹೇಳಿದ್ದರಲ್ಲಿ ನಿಜ ಇದೆ. ಆ ಗಾಡಿ 2015ರಲ್ಲಿ ಟಿಯುವಿ300 ಎಂಬ ಹೆಸರಿನಲ್ಲಿ ಬಂದಿದ್ದು. 2021ರ ಜುಲೈನಲ್ಲಿ ಕೆಲವು ಬದಲಾವಣೆ ಮಾಡಿ ಅದಕ್ಕೆ ಬೊಲೆರೋ ನಿಯೋ ಎಂದು ಹೆಸರಿಟ್ಟರು. 2000ನೇ ಇಸವಿಯಿಂದ ಬರುತ್ತಿರುವ ಬೊಲೆರೋ ಬೇರೆಯಾಗಿಯೇ ಇದೆ. ಅದೂ ಪಕ್ಕದಲ್ಲೇ ಮಾರಾಟಕ್ಕಿದೆ.

ಅಂದರೆ ನನ್ನ ಮನೆಯಲ್ಲಿ ಗಾಡಿ ಉಳಿದು ಹೆಸರು ಹೋಯಿತು. ಅಪ್ಪಯ್ಯನಿಗೆ ಹೆಸರು ಸಿಕ್ಕಿತು, ಗಾಡಿ ಬೇರೆ. ನನಗೆ ತಿಳಿಯಬೇಕಾಗಿರುವುದು ಇಷ್ಟು. ಹೆಸರು ಹೋದ ಗಾಡಿಗೆ ಇನ್ಶೂರೆನ್ಸು, ಸ್ಪೇರ್ ಪಾರ್ಟ್ಸ್ ತೊಂದರೆ ಆಗುತ್ತದಾ? ರೀಸೇಲ್ ನಿಜಕ್ಕೂ ಇಷ್ಟು ಬೀಳುತ್ತದಾ? ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದ್ದರೆ, ಆಮೇಲೆ ನೀವು ಅದೇ ಕಂಪನಿಯಲ್ಲಿ ಉಳಿದಿರಾ, ಬಿಟ್ಟಿರಾ? ನನಗೆ ಇದು ಬರೀ ದುಡ್ಡಿನ ವಿಷಯ ಅಲ್ಲ. ಒಂದು ಕಂಪನಿಯನ್ನು ನಂಬಿ ಎರಡನೇ ಸಲವೂ ಅವರ ಬಾಗಿಲಿಗೇ ಹೋಗುವವರನ್ನು ಅವರು ನೆನಪಿಟ್ಟುಕೊಳ್ಳಬೇಕು ಅಲ್ವಾ?

---

ಹೊನ್ನಾವರ ಪಾರ್ಟ್ಸ್

ಟೀಚರ್, ನಾನು ಹೊನ್ನಾವರದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ನಡೆಸುತ್ತೇನೆ. ನಿಮ್ಮ ಮೊದಲಿನ ಎರಡು ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದೆ.

ಪಾರ್ಟ್ಸ್ ಬಗ್ಗೆ ಹೆದರಬೇಡಿ. ಹೆಸರು ಮಾತ್ರ ಬದಲಾದ ಗಾಡಿಗೆ ಪಾರ್ಟ್ಸ್ ಸಿಗುವುದು ಇನ್ನೂ ಸುಲಭ. ಫಿಲ್ಟರ್, ಬ್ರೇಕ್ ಪ್ಯಾಡ್, ಕ್ಲಚ್, ಬೇರಿಂಗ್ ಎಲ್ಲ ಹೊಸ ಹೆಸರಿನ ಗಾಡಿಗೂ ಅದೇ ಬರುತ್ತದೆ. ಹಾಗಾಗಿ ಕಂಪನಿ ಅವನ್ನು ಮಾಡುತ್ತಲೇ ಇರುತ್ತದೆ. ಕಷ್ಟ ಆಗುವುದು ಬಂಪರ್, ಹೆಡ್‌ಲೈಟ್, ಗ್ರಿಲ್ಲಿಗೆ. ಹೊಸ ಹೆಸರಿನ ಜೊತೆ ಬದಲಾಗುವುದು ಅವೇ. ಕೆಲವು ವರ್ಷ ಆದ ಮೇಲೆ ಆರ್ಡರ್ ಹಾಕಿ ಕಾಯಬೇಕಾಗಬಹುದು.

ನಿಜವಾದ ಗೊಂದಲ ಇರುವುದು ನಿಮ್ಮ ಅಪ್ಪಯ್ಯ ಹೇಳಿದ ಕಡೆ. ಹೆಸರು ಒಂದೇ, ಗಾಡಿ ಬೇರೆ. ನಮ್ಮ ಕೌಂಟರಿನಲ್ಲಿ ದಿನಾ ಇದೇ. ಒಡೆದ ಪಾರ್ಟನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿಕೊಂಡು ಬರುತ್ತಾರೆ. "ಝೆನ್‌ದು ಕೊಡಿ" ಎನ್ನುತ್ತಾರೆ. ಯಾವ ಝೆನ್? 1993ರಿಂದ 2006ರವರೆಗೆ ಬಂದ ಮಾರುತಿ ಝೆನ್ ಒಂದು. ಅದು ನಿಂತ ಮೇಲೆ 2006ರ ಕೊನೆಗೆ ಝೆನ್ ಎಸ್ಟಿಲೊ ಅಂತ ತಂದರು. ಅದರ ಅಡಿಪಾಯ ವ್ಯಾಗನ್‌ಆರ್‌ದು. ಹಳೆ ಝೆನ್ ಓಡಿಸಿದವರಿಗೆ ಆ ಗಾಡಿಯ ಹಗುರ ಸ್ಟೀರಿಂಗು, ತಿರುವಿನಲ್ಲಿ ಅದು ಕಚ್ಚಿಕೊಂಡು ಹೋಗುವ ರೀತಿ ಮರೆಯುವುದಿಲ್ಲ. ಎಸ್ಟಿಲೊ ಎತ್ತರದ ಗಾಡಿ, ಗುಣವೇ ಬೇರೆ. ಝೆನ್ ಎಂಬ ಹೆಸರು ನೋಡಿ ಹೋದವರು ಮುಖ ಸಪ್ಪೆ ಮಾಡಿಕೊಂಡರು. 2009ರಲ್ಲಿ ಕಂಪನಿಯೇ ಝೆನ್ ತೆಗೆದು ಬರೀ ಎಸ್ಟಿಲೊ ಮಾಡಿತು. ಗಾಡಿ ಕೆಟ್ಟದಾಗಿರಲಿಲ್ಲ. ಬೇರೆ ಹೆಸರಿನಲ್ಲಿ ಬಂದಿದ್ದರೆ ಯಾರೂ ಹಳೆಯದಕ್ಕೆ ಹೋಲಿಸುತ್ತಿರಲಿಲ್ಲ.

ಇನ್ನೊಂದು ನೋಡಿ. 2016ರಲ್ಲಿ ವಿಟಾರಾ ಬ್ರೆಝಾ ಬಂತು. 2022ರಲ್ಲಿ ಹೊಸದು ಬಂದಾಗ ವಿಟಾರಾ ತೆಗೆದು ಬರೀ ಬ್ರೆಝಾ ಮಾಡಿದರು. ಅದೇ ವರ್ಷ ಗ್ರ್ಯಾಂಡ್ ವಿಟಾರಾ ಅಂತ ಬೇರೆ ದೊಡ್ಡ ಗಾಡಿ ಬಂತು. ಈಗ "ವಿಟಾರಾಕ್ಕೆ ವೈಪರ್ ಕೊಡಿ" ಎಂದರೆ ನಾನು ಏನು ಕೊಡಲಿ? ಐ10ರದ್ದೂ ಹಾಗೇ. 2007ರ ಐ10, 2013ರ ಗ್ರ್ಯಾಂಡ್ ಐ10, 2019ರ ಗ್ರ್ಯಾಂಡ್ ಐ10 ನಿಯೋಸ್. ಮೂರಕ್ಕೂ ಜನ ಹೇಳುವುದು ಐ10 ಅಂತಲೇ. ಅದಕ್ಕೇ ನಾವು ಹೆಸರು ಕೇಳುವುದನ್ನು ಬಿಟ್ಟಿದ್ದೇವೆ. ಆರ್‌ಸಿ ತನ್ನಿ ಎನ್ನುತ್ತೇವೆ. ಚಾಸಿಸ್ ನಂಬರ್ ಹಾಕಿದರೆ ಯಾವ ವರ್ಷದ, ಯಾವ ಗಾಡಿ ಎಲ್ಲಾ ಬರುತ್ತದೆ. ನೀವೂ ನಿಮ್ಮ ಆರ್‌ಸಿಯ ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಿ.

ಇನ್ಶೂರೆನ್ಸ್ ವಿಷಯ ಗಮನ ಕೊಟ್ಟು ಓದಿ. ಗಾಡಿ ಪೂರ್ತಿ ಹೋದರೆ ಅಥವಾ ಕಳವಾದರೆ ಎಷ್ಟು ಕೊಡಬೇಕು ಎಂಬ ಮೊತ್ತಕ್ಕೆ ಐಡಿವಿ ಎನ್ನುತ್ತಾರೆ. ಕಂಪನಿಯ ಈಗಿನ ಬೆಲೆಪಟ್ಟಿ ಹಿಡಿದು, ಗಾಡಿಯ ವಯಸ್ಸಿನ ಪ್ರಕಾರ ಕಳೆಯುತ್ತಾರೆ. ಒಂದು ವರ್ಷ ದಾಟಿ ಎರಡರೊಳಗೆ ಇದ್ದರೆ ಶೇ. 20, ಮೂರರೊಳಗೆ ಶೇ. 30, ನಾಲ್ಕರೊಳಗೆ ಶೇ. 40, ಐದರೊಳಗೆ ಶೇ. 50. ಐದು ವರ್ಷ ದಾಟಿದ ಗಾಡಿಗೆ, ಮತ್ತೆ ಕಂಪನಿ ಮಾಡುವುದನ್ನು ನಿಲ್ಲಿಸಿದ ಮಾಡೆಲ್ಲಿಗೆ, ಇನ್ಶೂರೆನ್ಸ್‌ನವರೂ ನೀವೂ ಮಾತಾಡಿ ಒಪ್ಪಿದ ಮೊತ್ತ. ನಿಮ್ಮ ಗಾಡಿಯ ಹೆಸರು ಬೆಲೆಪಟ್ಟಿಯಲ್ಲಿ ಇಲ್ಲವಲ್ಲ, ಅದಕ್ಕೆ ರಿನ್ಯೂವಲ್ಲಿನಲ್ಲಿ ಅವರು ಹಾಕಿದ ಅಂಕಿಯನ್ನು ಸುಮ್ನೆ ಒಪ್ಪಬೇಡಿ. ಹೊಸ ಹೆಸರಿನ ಗಾಡಿಯ ಬೆಲೆ ತೋರಿಸಿ, ಇಂಜಿನ್ನು ಬಾಡಿ ಇದೇ ಎಂದು ಹೇಳಿ ಮಾತಾಡಿ. ಕೇಳಿದವರಿಗೆ ಸ್ವಲ್ಪ ಏರಿಸಿಕೊಡುವುದನ್ನು ನಾನು ಕಂಡಿದ್ದೇನೆ. ಏರಿಸಿದರೆ ಪ್ರೀಮಿಯಂ ಸ್ವಲ್ಪ ಜಾಸ್ತಿ ಆಗುತ್ತದೆ, ಅದೂ ಗೊತ್ತಿರಲಿ.

---

ಸಿದ್ದಾಪುರದವ

ನಿಮ್ಮ ಅಪ್ಪಯ್ಯನ ಕಡೆ ನನ್ನದೂ ಒಂದು ವೋಟು. ನಮ್ಮಲ್ಲಿ ಹಳೆ ಸಫಾರಿ ಇತ್ತು. 1998ರಲ್ಲಿ ಬಂದ ಸಫಾರಿಗೆ ಕೆಳಗೆ ಗಟ್ಟಿ ಚಾಸಿಸ್, ಇಂಜಿನ್ನಿನ ಎಳೆತ ಹಿಂದಿನ ಚಕ್ರಕ್ಕೆ, ಬೇಕಿದ್ದರೆ ನಾಲ್ಕೂ ಚಕ್ರಕ್ಕೆ. 2021ರಲ್ಲಿ ಅದೇ ಹೆಸರಿನಲ್ಲಿ ಬಂದಿದ್ದು ಹ್ಯಾರಿಯರ್‌ನ ಅಡಿಪಾಯದ ಮೇಲೆ ಕಟ್ಟಿದ ಮುಂದಿನ ಚಕ್ರದ ಎಳೆತದ ಗಾಡಿ. ಕೂರಲು ಹೊಸದೇ ಚೆಂದ. ಹೈವೇಯಲ್ಲಿ ಹಳೆಯದು ಅದರ ಹತ್ತಿರವೂ ಬರುವುದಿಲ್ಲ. ಆದರೆ ನಮ್ಮ ಮನೆಗೆ ಇಳಿಯುವ ದಾರಿ ಕೆಂಪು ಜಂಬಿಟ್ಟಿಗೆ ಮಣ್ಣಿನದು. ಮಳೆಗಾಲದಲ್ಲಿ ಹಾವಸೆ ಕಟ್ಟುತ್ತದೆ. ಹಿಂದೆ ಲೋಡ್ ಹಾಕಿಕೊಂಡು ಏರುವಾಗ ಭಾರವೆಲ್ಲ ಹಿಂದಿನ ಚಕ್ರದ ಮೇಲೆ ಕೂರುತ್ತದೆ. ಅಂಥಲ್ಲಿ ಎಳೆತವೂ ಹಿಂದೆಯೇ ಇದ್ದರೆ ಗಾಡಿ ಹತ್ತುತ್ತದೆ. ನಾವು ಹೆಸರು ಬಿಟ್ಟೆವು, ಹಿಂದಿನ ಚಕ್ರದ ಎಳೆತ ಇರುವ ಬೇರೆ ಕಂಪನಿ ಗಾಡಿ ತಗೊಂಡೆವು.

---

ಕಾರವಾರ ಟ್ಯಾಕ್ಸಿ

ಮೇಡಂ ನಮಸ್ಕಾರ. ನಾನು ಕಾರವಾರದಲ್ಲಿ ಟ್ಯಾಕ್ಸಿ ಓಡಿಸುತ್ತೇನೆ. ಸೀಬರ್ಡ್ ನೌಕಾನೆಲೆ ಮತ್ತು ಕೈಗಾ ಅಣುಸ್ಥಾವರದ ಕಾಲೊನಿಯವರು ನಮ್ಮ ಖಾಯಂ ಗಿರಾಕಿಗಳು. ಗೋವಾ ಏರ್‌ಪೋರ್ಟಿಗೆ ಬಿಡುವುದು, ಕರೆತರುವುದು ಜಾಸ್ತಿ.

ಟ್ಯಾಕ್ಸಿ ಲೈನಿನಲ್ಲಿ ಹೆಸರಿಗೆ ಬೆಲೆ ಇಲ್ಲ ಎಂದು ಕೆಲವರು ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ನಾನು ಈ ಕೆಲಸಕ್ಕೆ ಬಂದಾಗ ಎಲ್ಲರ ಬಾಯಲ್ಲೂ ಕ್ವಾಲಿಸ್. 2000ದಲ್ಲಿ ಬಂದಿದ್ದು. ಚೆನ್ನಾಗಿ ಮಾರಾಟ ಆಗುತ್ತಿತ್ತು. ಅಂಥಾ ಗಾಡಿಯನ್ನು ಟೊಯೊಟಾ ಕಂಪನಿ ನಿಲ್ಲಿಸಿ 2005ರಲ್ಲಿ ಇನೋವಾ ತಂದಿತು. ಹೆಸರು ಹೊಸದು, ರೇಟೂ ಜಾಸ್ತಿ. ಸ್ಟ್ಯಾಂಡಿನಲ್ಲಿ ದೊಡ್ಡ ಚರ್ಚೆ. ಓಡುವ ಕುದುರೆಯನ್ನು ಯಾಕೆ ಕಟ್ಟಿಹಾಕಿದರು ಎಂದು ಹಿರಿಯ ಡ್ರೈವರ್‌ಗಳು ಬೇಜಾರು ಮಾಡಿಕೊಂಡಿದ್ದರು. ಆದರೆ ಹೆಚ್ಚಿನವರು ಆಮೇಲೆ ಇನೋವಾಕ್ಕೇ ಬಂದರು. ಯಾಕೆಂದರೆ ಅವರಿಗೆ ಬೇಕಾಗಿದ್ದದ್ದು ಅದರಲ್ಲಿ ಇತ್ತು. ಡೀಸೆಲ್ ಇಂಜಿನ್, ಹಿಂದಿನ ಚಕ್ರದ ಎಳೆತ, ಎಂಟು ಜನ ಕೂತರೂ ಅಂಶಿ ಘಟ್ಟದಲ್ಲಿ ಉಸಿರು ಕಟ್ಟದ ಗಾಡಿ. ಅದರ ಮೇಲೆ ಕೂತವರಿಗೆ ಕ್ವಾಲಿಸ್‌ಗಿಂತ ಎಷ್ಟೋ ಪಾಲು ಆರಾಮ.

ಈಗ ಅದೇ ಕಂಪನಿ ಹೆಸರು ಉಳಿಸಿದೆ. 2016ರಲ್ಲಿ ಇನೋವಾ ಕ್ರಿಸ್ಟಾ. 2022ರ ಕೊನೆಗೆ ಇನೋವಾ ಹೈಕ್ರಾಸ್. ಎರಡರಲ್ಲೂ ಇನೋವಾ ಇದೆ. ಆದರೆ ಕ್ರಿಸ್ಟಾ ಡೀಸೆಲ್, ಹಿಂದಿನ ಎಳೆತ. ಹೈಕ್ರಾಸ್ ಪೆಟ್ರೋಲ್ ಮತ್ತು ಹೈಬ್ರಿಡ್, ಮುಂದಿನ ಎಳೆತ. ಡೀಸೆಲ್ ಅದರಲ್ಲಿ ಇಲ್ಲವೇ ಇಲ್ಲ. ಗಿರಾಕಿ ಫೋನ್ ಮಾಡಿ "ಇನೋವಾ ಬೇಕು" ಎಂದರೆ ಯಾವುದು ಅಂತ ನಾನೇ ತಿರುಗಿ ಕೇಳುತ್ತೇನೆ. ವಯಸ್ಸಾದವರು ಇದ್ದರೆ ಹೈಕ್ರಾಸ್ ಇಷ್ಟಪಡುತ್ತಾರೆ, ಹತ್ತಿ ಇಳಿಯಲು ಸುಲಭ, ಸದ್ದು ಕಡಿಮೆ. ನನ್ನ ಜೊತೆಯ ಡ್ರೈವರ್‌ಗಳು ಕ್ರಿಸ್ಟಾ ಬಿಡುವುದಿಲ್ಲ. ಹಳೆಯದನ್ನು ನಿಲ್ಲಿಸದೆ ಪಕ್ಕದಲ್ಲೇ ಇಟ್ಟಿದ್ದು ಒಳ್ಳೆಯದಾಯಿತು. ಬೇಕಾದವರಿಗೆ ಬೇಕಾದ್ದು ಸಿಗುತ್ತದೆ.

ಬರೀ ಹೆಸರು ಬದಲಾದ ಗಾಡಿಯನ್ನೂ ನಾವು ನೋಡಿದ್ದೇವೆ. ಲೋಗನ್ ನೆನಪಿದೆಯಾ? ಮಹೀಂದ್ರಾ ಮತ್ತು ರೆನೋ ಸೇರಿ 2007ರಲ್ಲಿ ತಂದಿದ್ದು. 2010ರಲ್ಲಿ ಇಬ್ಬರೂ ಬೇರೆಯಾದರು. 2011ರಲ್ಲಿ ಅದೇ ಗಾಡಿ ವೆರಿಟೋ ಆಯಿತು. ಇಂಜಿನ್ ಅದೇ 1.5 ಡೀಸೆಲ್, ಡಿಕ್ಕಿ ಅಷ್ಟೇ ದೊಡ್ಡದು. ಲೋಗನ್ ಓಡಿಸಿದ ಡ್ರೈವರ್ ಕಣ್ಣು ಮುಚ್ಚಿ ವೆರಿಟೋ ತಗೊಂಡ. ಕೀ ತಿರುಗಿಸಿದರೆ ಅದೇ ಸದ್ದು.

ನಿಮಗೆ ರೇಟು ಕಡಿಮೆ ಹೇಳಿದವರಿಗೆ ಅದು ವ್ಯಾಪಾರದ ಮಾತು. ಹೆಸರು ಇದ್ದಿದ್ದರೆ ಟೈರ್ ಸವೆದಿದೆ ಎನ್ನುತ್ತಿದ್ದರು. ಒಬ್ಬರ ಮಾತಿಗೆ ಕೊಡಬೇಡಿ. ಸರ್ವಿಸ್ ಬಿಲ್ಲುಗಳನ್ನು ಒಂದು ಫೈಲಿನಲ್ಲಿ ಹಾಕಿ, ಗಾಡಿ ಓಡಿಸಿ ಬಲ್ಲ ಮನೆಯವರಿಗೆ ನೇರ ತೋರಿಸಿ. ಶಿಕ್ಷಕರಲ್ಲೇ, ಬ್ಯಾಂಕಿನವರಲ್ಲೇ ಯಾರಾದರೂ ಸಿಗುತ್ತಾರೆ. ಒಬ್ಬರ ಕೈಯಲ್ಲೇ ಓಡಿದ ಗಾಡಿ ಎಂದರೆ ನಮ್ಮ ಜಿಲ್ಲೆಯಲ್ಲಿ ಇನ್ನೂ ಬೆಲೆ ಇದೆ.

---

ಯಲ್ಲಾಪುರ–ಬೆಂಗಳೂರು

ನಾನು ಯಲ್ಲಾಪುರದವ. ಬೆಂಗಳೂರಿನಲ್ಲಿ ಗಾಡಿಗಳ ಬಿಡಿಭಾಗ ಡಿಸೈನ್ ಮಾಡುವ ಕೆಲಸ. ಟ್ಯಾಕ್ಸಿ ಅಣ್ಣನ ಮಾತಿಗೆ ನನ್ನದು ಅರ್ಧ ಒಪ್ಪಿಗೆ. ಡ್ರೈವರ್ ಕೀ ತಿರುಗಿಸಿ ಸದ್ದು ಕೇಳಿ ಗುರುತು ಹಿಡಿಯುತ್ತಾನೆ. ಆದರೆ ಮನೆಗೆ ಮೊದಲ ಗಾಡಿ ತರುವವರು, ಹತ್ತು ವರ್ಷಕ್ಕೊಮ್ಮೆ ತಗೊಳ್ಳುವವರು ಹಿಡಿಯುವುದು ಹೆಸರನ್ನೇ. ಅವರಿಗೆ ಬೇರೆ ಹಿಡಿತ ಇಲ್ಲ.

ಇದಕ್ಕೆ ಅಮೆರಿಕದ ಫೋರ್ಡ್ ಟಾರಸ್ ಒಳ್ಳೆ ಉದಾಹರಣೆ. 1992ರಿಂದ 1996ರವರೆಗೆ ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಅದು. ಆಮೇಲೆ ಜಪಾನಿನ ಕಾರುಗಳ ಮುಂದೆ ಸೋತಿತು. ಫೋರ್ಡ್ ಆ ಹೆಸರನ್ನೇ ಬಿಟ್ಟು ಫೈವ್ ಹಂಡ್ರೆಡ್ ಎಂಬ ಹೊಸ ಕಾರನ್ನು ಮುಂದೆ ತಂದಿತು. ಜನರಿಗೆ ಆ ಹೆಸರು ಅಂಟಲಿಲ್ಲ. 2006ರಲ್ಲಿ ಅಲನ್ ಮುಲ್ಯಾಲಿ ಫೋರ್ಡ್ ಮುಖ್ಯಸ್ಥರಾಗಿ ಬಂದರು. ಇಷ್ಟು ಜನರಿಗೆ ಗೊತ್ತಿರುವ ಹೆಸರನ್ನು ಯಾಕೆ ಬಿಟ್ಟಿರಿ ಎಂದು ಕೇಳಿದರು. 2007ರಲ್ಲಿ ಫೈವ್ ಹಂಡ್ರೆಡ್‌ಗೇ ಟಾರಸ್ ಎಂದು ವಾಪಸ್ ಹೆಸರಿಟ್ಟರು. ಆದರೆ ಹಳೆ ದಿನ ವಾಪಸ್ ಬರಲಿಲ್ಲ. ಅಷ್ಟರಲ್ಲಿ ಆ ಮನೆಗಳವರು ಬೇರೆ ಕಂಪನಿಗೆ ಹೋಗಿ ಅಲ್ಲೇ ನೆಲೆಯಾಗಿದ್ದರು. ನನಗೆ ಮುಖ್ಯ ಅನ್ನಿಸುವುದು ಇದು. ಹೆಸರು ತೆಗೆಯಲು ಒಂದು ದಿನ ಸಾಕು. ಹೋದ ಗಿರಾಕಿ ಬರಬೇಕೆಂದರೆ ಅವರ ಮುಂದಿನ ಗಾಡಿಯವರೆಗೆ, ಎಷ್ಟೋ ಸಲ ಅವರ ಮಕ್ಕಳ ಗಾಡಿಯವರೆಗೆ ಕಾಯಬೇಕು.

ಹೆಸರು ಬಿಡದವರನ್ನೂ ನೋಡಿ. ಟೊಯೊಟಾದ ಕೊರೊಲಾ ಕಾರು 1966ರಿಂದ ಇದೆ. ಎಷ್ಟೋ ಸಲ ಗಾಡಿ ಪೂರ್ತಿ ಬದಲಾಗಿದೆ. ಹೆಸರು ಅದೇ. 2021ರ ಹೊತ್ತಿಗೆ ಐದು ಕೋಟಿ ಮಾರಾಟ ದಾಟಿತು. ನಮ್ಮಲ್ಲಿ ಹೋಂಡಾ ಸಿಟಿ 1998ರಿಂದ ಅದೇ ಹೆಸರಿನಲ್ಲಿ ಬರುತ್ತಿದೆ. ಇವೆರಡರಲ್ಲೂ ಹೆಸರಿನ ಜೊತೆ ಕೆಲಸವೂ ಒಂದೇ ಉಳಿಯಿತು. ಸಿಟಿ ಯಾವಾಗಲೂ ಮಧ್ಯಮ ಗಾತ್ರದ ಸೆಡಾನ್. ಝೆನ್ ಎಸ್ಟಿಲೊ ವಿಷಯದಲ್ಲಿ ಪಾರ್ಟ್ಸ್ ಅಣ್ಣ ಹೇಳಿದ ತೊಂದರೆ ಇಲ್ಲಿ ಬರಲಿಲ್ಲ.

ಕಂಪನಿ ಕಡೆಯ ಕಾರಣಗಳನ್ನೂ ಹೇಳಬೇಕು. ಕೆಲವು ಸಲ ಅವರಿಗೆ ಬೇರೆ ದಾರಿ ಇರುವುದಿಲ್ಲ. 2016ರಲ್ಲಿ ಟಾಟಾದವರು ಝೀಕಾ ಎಂದು ಹೆಸರಿಟ್ಟು ಎಲ್ಲಾ ತಯಾರಿ ಮಾಡಿದ್ದರು. ಅದೇ ಹೊತ್ತಿಗೆ ಝೀಕಾ ವೈರಸ್ ಸುದ್ದಿ ಜಗತ್ತೆಲ್ಲ ಹರಡಿತು. ಹೆಸರನ್ನು ಟಿಯಾಗೊ ಮಾಡಿದರು. ಗಾಡಿ ಚೆನ್ನಾಗಿಯೇ ಓಡಿತು. ಇನ್ನೂ ಯಾರೂ ಕೊಂಡಿರಲಿಲ್ಲವಲ್ಲ, ಯಾರ ನಂಬಿಕೆಗೂ ಪೆಟ್ಟಾಗಲಿಲ್ಲ. 2024ರ ಡಿಸೆಂಬರಿನಲ್ಲಿ ಮಹೀಂದ್ರಾದ ಬಿಇ 6ಇ ಹೆಸರಿಗೆ ಇಂಡಿಗೊ ವಿಮಾನದವರು ಕೋರ್ಟಿಗೆ ಹೋದರು, 6ಇ ಅವರ ವಿಮಾನಗಳ ಕೋಡ್. ಗಾಡಿ ಬಿಇ 6 ಆಯಿತು. ಇಂಥದ್ದಕ್ಕೆ ಯಾರೂ ಬೇಜಾರಾಗುವುದಿಲ್ಲ. ಟೀಚರ್‌ಗೆ ಆಗಿದ್ದು ಬೇರೆ. ಜನ ದುಡ್ಡು ಕೊಟ್ಟು ಮನೆಗೆ ತಂದ ಮೇಲೆ ಹೆಸರು ಹೋದರೆ, ಆ ನಷ್ಟ ಕೊಂಡವರ ತಲೆಗೆ ಬರುತ್ತದೆ. ಕಂಪನಿಗೆ ಹೊಸ ಹೆಸರಿನ ಜಾಹೀರಾತಿನಿಂದ ಹೊಸ ಗಿರಾಕಿ ಸಿಗುತ್ತಾನೆ. ಹಳೆ ಗಿರಾಕಿಗೆ ಏನೂ ಸಿಗುವುದಿಲ್ಲ.

ಒಂದು ಮಧ್ಯದ ದಾರಿಯೂ ಇದೆ. ಸ್ಕೋಡಾ 2005ರಲ್ಲಿ ಎರಡನೇ ತಲೆಮಾರಿನ ಆಕ್ಟೇವಿಯಾವನ್ನು ಇಲ್ಲಿ ತಂದಾಗ ಹಳೆ ಆಕ್ಟೇವಿಯಾ ಇನ್ನೂ ಮಾರಾಟದಲ್ಲಿತ್ತು. ಹೊಸದಕ್ಕೆ ಲಾರಾ ಎಂದು ಹೆಸರಿಟ್ಟು ಎರಡನ್ನೂ ಒಟ್ಟಿಗೆ ಮಾರಿದರು. 2013ರಲ್ಲಿ ಮೂರನೇ ತಲೆಮಾರು ಬಂದಾಗ ಲಾರಾ ಬಿಟ್ಟು ಮತ್ತೆ ಆಕ್ಟೇವಿಯಾ ಎಂದರು. ಸ್ಕಾರ್ಪಿಯೋ ಕೂಡ 2022ರಲ್ಲಿ ಹೀಗೇ ಮಾಡಿತು. ಹೊಸದು ಸ್ಕಾರ್ಪಿಯೋ-ಎನ್, ಹಳೆಯದು ಸ್ಕಾರ್ಪಿಯೋ ಕ್ಲಾಸಿಕ್. ಹಳೆ ಮಾಲೀಕರ ಗಾಡಿಯ ಹೆಸರು ಬೋರ್ಡಿನಲ್ಲಿ ಉಳಿಯಿತು. ಅವರ ರೀಸೇಲ್ ರೇಟಿಗೆ ಅದು ದೊಡ್ಡ ಆಸರೆ.

---

ಕುಮಟಾ ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿವರವಾಗಿ ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಪಾರ್ಟ್ಸ್ ಅಣ್ಣ ಹೇಳಿದ ಐಡಿವಿ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಪಾಲಿಸಿ ತೆಗೆದು ನೋಡಿದೆ. ಮುಂದಿನ ರಿನ್ಯೂವಲ್ಲಿಗೆ ಹೊಸ ಹೆಸರಿನ ಗಾಡಿಯ ಬೆಲೆಪಟ್ಟಿ ಪ್ರಿಂಟ್ ಹಾಕಿಕೊಂಡು ಹೋಗುತ್ತೇನೆ.

ನನ್ನ ಗಾಡಿ ಈಗ ಮಾರುವುದಿಲ್ಲ. ಗಾಡಿ ಚೆನ್ನಾಗಿದೆ, ಪಾರ್ಟ್ಸ್ ಸಿಗುತ್ತದೆ ಎಂದ ಮೇಲೆ ಅವಸರ ಏನಿದೆ? ಆ ಕಂಪನಿಗೂ ಒಂದು ಪತ್ರ ಬರೆಯುತ್ತೇನೆ. ಹೆಸರು ಬದಲಿಸುವಾಗ ಹಿಂದಿನ ಕೆಲವು ವರ್ಷಗಳಲ್ಲಿ ಕೊಂಡವರಿಗೆ ಎಕ್ಸ್‌ಚೇಂಜ್ ಬೆಲೆಯಲ್ಲಾದರೂ ಒಂದು ಭರವಸೆ ಕೊಡಿ ಎಂದು ಕೇಳುತ್ತೇನೆ. ಕೇಳುವುದು ನಮ್ಮ ಹಕ್ಕು. ಅದಕ್ಕೆ ಅವರು ಏನು ಉತ್ತರ ಕೊಡುತ್ತಾರೆ ಎಂಬುದರ ಮೇಲೆ ನನ್ನ ಮುಂದಿನ ಗಾಡಿ ನಿರ್ಧಾರ ಆಗುತ್ತದೆ.

ಅಪ್ಪಯ್ಯನ ಹತ್ತಿರ ಫೋನಿನಲ್ಲಿ ಮಾತಾಡಿದೆ. ನಿಯೋ ಬೇಡ ಎನ್ನಲು ಹೆಸರಿಗಿಂತ ಬೇರೆ ಕಾರಣ ಇದೆಯಾ ಎಂದು ಕೇಳಿದೆ. ಅವರ ಉತ್ತರ ಕೇಳಿ ನನಗೆ ಖುಷಿಯಾಯಿತು. ಮನೆಗೆ ಇಳಿಯುವ ದಾರಿಯಲ್ಲಿ ಒಂದು ತಿರುವಿದೆ. ಒಂದು ಕಡೆ ಧರೆ, ಇನ್ನೊಂದು ಕಡೆ ಚಿರೆಕಲ್ಲಿನ ಕಟ್ಟೆ. ಈಗಿನ ಬೊಲೆರೋ ಅಲ್ಲಿ ಕನ್ನಡಿ ಮಡಚಿಕೊಂಡು ಹೋಗುತ್ತದೆ. ಬೊಲೆರೋ ಅಗಲ 1745 ಮಿಲಿಮೀಟರ್, ನಿಯೋ 1795. ಐದು ಸೆಂಟಿಮೀಟರ್ ಜಾಸ್ತಿ. ಉದ್ದ ಎರಡಕ್ಕೂ 3995 ಮಿಲಿಮೀಟರ್. ತಮ್ಮ ಟೇಪ್ ಹಿಡಿದು ಅಳೆದ. ನಿಯೋ ಹೋಗುತ್ತದೆ, ಆದರೆ ಕೆಸರಿನಲ್ಲಿ ಸ್ವಲ್ಪ ಜಾರಿದರೂ ಕಟ್ಟೆಗೆ ತಾಗುತ್ತದೆ. ಲೀಫ್ ಸ್ಪ್ರಿಂಗ್ ಬಗ್ಗೆ ಅವರು ಹೇಳಿದ್ದು, ಅಡಿಕೆ ಮೂಟೆ ಹೇರಿದಾಗ ಹಿಂದೆ ಎಷ್ಟು ಕೂರುತ್ತದೆ ಎಂಬುದು ಅವರಿಗೆ ಗೊತ್ತು, ಹೊಸ ಥರದ ಸ್ಪ್ರಿಂಗಿನದ್ದು ಗೊತ್ತಿಲ್ಲ.

ಪಾರ್ಟ್ಸ್ ಅಣ್ಣ, ಇನ್ನೊಂದು ಪ್ರಶ್ನೆ. ಈಗ ಮಾರಾಟಕ್ಕಿರುವ ಬೊಲೆರೋಗೆ 75 ಎಚ್‌ಪಿ ಹತ್ತಿರ ಶಕ್ತಿ, ನಿಯೋಗೆ 100. ದೇವಿಮನೆ ಏರಿಗೆ ತಮ್ಮ ನಿಯೋ ಕಡೆ ವಾಲುತ್ತಿದ್ದಾನೆ. ಲೋಡ್ ಇದ್ದರೆ ಈ ವ್ಯತ್ಯಾಸ ದೊಡ್ಡದಾ?

---

ಹೊನ್ನಾವರ ಪಾರ್ಟ್ಸ್

ಘಟ್ಟದಲ್ಲಿ ಮುಂದಿನ ಗಾಡಿಯನ್ನು ಓವರ್‌ಟೇಕ್ ಮಾಡುವಾಗ ಗೊತ್ತಾಗುತ್ತದೆ. ಬರೀ ಹತ್ತುವುದಕ್ಕೆ ಬೊಲೆರೋ ಸಾಕು, ಎರಡನೇ ಗೇರಿನಲ್ಲಿ ನಿಧಾನ ಹತ್ತುತ್ತದೆ. ನಿಯೋದ ಹಿಂದಿನ ಕಾಯಿಲ್ ಸ್ಪ್ರಿಂಗು ಕೂತವರಿಗೆ ಆರಾಮ. ಅದೂ ಚಾಸಿಸ್ ಮೇಲೆ ಕಟ್ಟಿದ, ಹಿಂದಿನ ಎಳೆತದ ಗಾಡಿಯೇ, ಅದಕ್ಕೆ ತಮ್ಮನ ಮಾತನ್ನು ತೆಗೆದುಹಾಕಬೇಡಿ. ಆದರೆ ಮೂಟೆ ಹೊರುವುದು ಮುಖ್ಯ ಕೆಲಸ, ದಾರಿಯಲ್ಲಿ ಆ ತಿರುವು ಇದೆ ಎಂದರೆ ನಾನು ಅಪ್ಪಯ್ಯನ ಪಕ್ಷ.

ಒಂದು ಕೆಲಸ ಮಾಡಿ. ಶೋರೂಮಿನವರಿಗೆ ಎರಡೂ ಗಾಡಿಯನ್ನು ನಿಮ್ಮ ಮನೆಗೇ ತರಲು ಹೇಳಿ. ಕೇಳಿದರೆ ತರುತ್ತಾರೆ. ಆ ತಿರುವಿನಲ್ಲಿ ಅವರ ಹುಡುಗನೇ ಓಡಿಸಿ ತೋರಿಸಲಿ, ಹಿಂದೆ ನಾಲ್ಕು ಮೂಟೆ ಹಾಕಿ. ಮತ್ತೆ ಬುಕ್ಕಿಂಗ್ ರಸೀದಿಯಲ್ಲಿ ಬರೀ ಬೊಲೆರೋ ಎಂದು ಬರೆದರೆ ಬಿಡಬೇಡಿ. ಪೂರ್ತಿ ಮಾಡೆಲ್ ಹೆಸರು, ವೇರಿಯಂಟ್, ತಯಾರಾದ ತಿಂಗಳು ಎಲ್ಲಾ ಬರೆಸಿಕೊಳ್ಳಿ.

---

ಕುಮಟಾ ಟೀಚರ್

ಆಯಿತು ಅಣ್ಣ, ಹಾಗೇ ಮಾಡಿಸುತ್ತೇನೆ. ಕಂಪನಿಯಿಂದ ಪತ್ರಕ್ಕೆ ಉತ್ತರ ಬಂದರೆ, ಇನ್ಶೂರೆನ್ಸ್‌ನವರು ಐಡಿವಿ ಎಷ್ಟಕ್ಕೆ ಒಪ್ಪಿದರು ಎಂಬುದನ್ನೂ ಸೇರಿಸಿ ಇಲ್ಲೇ ಬರೆಯುತ್ತೇನೆ. ನನ್ನ ಥರ ಹೆಸರು ಹೋದ ಗಾಡಿ ಇಟ್ಟುಕೊಂಡವರು ಈ ಕಡೆ ಇನ್ನೂ ಬಹಳ ಜನ ಇದ್ದಾರೆ, ಅವರಿಗೂ ಬೇಕಾಗುತ್ತದೆ.